ಬೊಚ್ಚುಬಾಯಿಯ ದವಡೆ ನಿಲ್ಲುವುದೆಲ್ಲಿ?

1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಜಾರ್ಜ್ ವಾಷಿಂಗ್ಟನ್ನರ ಬಾಯಲ್ಲಿ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು. ಅವರದು ಮರದ ಹಲ್ಲು ಎಂಬುದು ಕಟ್ಟುಕತೆ; ದಂತವೈದ್ಯ ಜಾನ್ ಗ್ರೀನ್‌ವುಡ್ ಕಟ್ಟಿಕೊಟ್ಟದ್ದು ನೀರಾನೆಯ ದಂತದಲ್ಲಿ. ಮೇಲಿನ, ಕೆಳಗಿನ ಸೆಟ್ಟುಗಳನ್ನು ಸ್ಪ್ರಿಂಗುಗಳು ಸದಾ ದೂಡುತ್ತಿದ್ದವು. ಬಾಯಿ ಮುಚ್ಚಿಕೊಂಡಿರಲೂ ಬಲ ಹಾಕಬೇಕು! ಸೆಟ್ಟು ತುಟಿಯನ್ನು ಮುಂದಕ್ಕೆ ತಳ್ಳುತ್ತಿದೆಯೆಂದು 1798ರಲ್ಲಿ ಅವರು ಗ್ರೀನ್‌ವುಡ್‌ಗೆ ಪತ್ರ ಬರೆದರು.

ಹಲ್ಲಿದ್ದವರ ದವಡೆ ಎಲ್ಲಿ ನಿಲ್ಲಬೇಕೆಂಬುದನ್ನು ಹಲ್ಲುಗಳೇ ತೋರಿಸುತ್ತವೆ. ಅವು ಉದುರಿದರೆ ಆ ಗುರುತೂ ಹೋಯಿತು. ಕಟ್ಟಿಸಿದ ಹಲ್ಲಿನ ಎತ್ತರ ಹೆಚ್ಚಾದರೆ ಮಾತಿನ ನಡುವೆ ಟಕಟಕ ಸದ್ದು, ಒಸಡಿಗೆ ನೋವು. ಕಡಿಮೆಯಾದರೆ ಗದ್ದ ಮೂಗಿನತ್ತ ಏರಿ ಮುಖವೇ ಮುದುಡುತ್ತದೆ.

ಅದಕ್ಕೇ ವೈದ್ಯರು ಮೊದಲು ಮುಖದ ಎತ್ತರವನ್ನು ದವಡೆ ಸಡಿಲವಾಗಿರುವಾಗ ಅಳೆಯುತ್ತಾರೆ. ಹಲ್ಲು ಕೂಡಿದಾಗಿನ ಎತ್ತರ ಅದಕ್ಕಿಂತ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಕಡಿಮೆ ಇರಬೇಕು. ಬಾಯಲ್ಲಿಟ್ಟ ಮೇಣದ ಕಟ್ಟೆಯನ್ನು ಆ ಅಳತೆಗೆ ತರುತ್ತಾರೆ.

ದವಡೆ ಎಷ್ಟು ಹಿಂದಿರಬೇಕೆಂಬುದು ಇನ್ನೂ ಕಠಿಣ. ಇದಕ್ಕೆ 1910ರ ಸುಮಾರಿಗೆ ಜ್ಯೂರಿಕ್‌ನ ಆಲ್ಫ್ರೆಡ್ ಗೀಜಿ ಸೊಗಸಾದ ಉಪಾಯವೊಂದನ್ನು ಬಳಕೆಗೆ ತಂದರು. ಒಂದು ದವಡೆಗೆ ಮೊಳೆ, ಇನ್ನೊಂದಕ್ಕೆ ತಗಡು. ರೋಗಿ ದವಡೆಯನ್ನು ಮುಂದಕ್ಕೂ ಅಕ್ಕಪಕ್ಕಕ್ಕೂ ಆಡಿಸಿದರೆ ತಗಡಿನ ಮೇಲೆ ಬಾಣದಂಥ ಗೆರೆ ಮೂಡುತ್ತದೆ. ಅದರ ತುದಿಯೇ ದವಡೆಯ ಹಿಂದಿನ ನೆಲೆ. ಹಳೆಯ ಚರ್ಚುಗಳ ಚೂಪು ಕಮಾನನ್ನು ಹೋಲುವ ಆ ಗೆರೆಗೆ 'ಗಾಥಿಕ್ ಕಮಾನು' ಎಂದೇ ಹೆಸರಾಯಿತು.

ವರ್ಷಗಟ್ಟಲೆ ಹಲ್ಲಿಲ್ಲದವರು ದವಡೆಯನ್ನು ಮುಂದಕ್ಕೆ ಚಾಚಿ ಕಚ್ಚುವುದು ರೂಢಿ. ಅಂಥವರಿಗೆ ವೈದ್ಯರು ಉಪಕರಣವಿಲ್ಲದೆಯೂ ಹೇಳುವುದುಂಟು: "ನಾಲಗೆಯ ತುದಿಯನ್ನು ಅಂಗುಳದ ಹಿಂದಕ್ಕೆ ಮಡಚಿ, ಈಗ ಕಚ್ಚಿ."