ಹಳೆಯ ಎಲೆಕ್ಟ್ರಿಕ್ ಗಿಟಾರ್: ದುರಸ್ತಿ ಮತ್ತು ಜೀರ್ಣೋದ್ಧಾರ

ನುಡಿಯದೆ ನಿಂತ ಎಲೆಕ್ಟ್ರಿಕ್ ಗಿಟಾರನ್ನು ಮತ್ತೆ ನುಡಿಯುವಂತೆ ಮಾಡುವುದು ದುರಸ್ತಿ. ಅದು ತಯಾರಾದ ಕಾಲದ ಮರ, ಬಣ್ಣ, ತಂತಿಸುರುಳಿ, ಬೆಸುಗೆಗಳನ್ನು ಆದಷ್ಟೂ ಉಳಿಸಿಕೊಂಡು ವಾದನಕ್ಕೆ ಒದಗಿಸುವುದು ಜೀರ್ಣೋದ್ಧಾರ. ಎರಡೂ ಒಂದೇ ಮೇಜಿನ ಮೇಲೆ, ಒಬ್ಬನೇ ಕುಶಲಕರ್ಮಿಯ ಕೈಯಲ್ಲಿ ನಡೆಯುತ್ತವೆ. ಆದರೂ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಆಗುವುದುಂಟು: ವಾದಕನಿಗೆ ನಾಳೆಯ ಕಾರ್ಯಕ್ರಮಕ್ಕೆ ಗಿಟಾರ್ ಬೇಕು, ಸಂಗ್ರಾಹಕನಿಗೆ 60 ವರ್ಷ ಹಿಂದಿನ ತಿರುಪೂ ಅದೇ ಜಾಗದಲ್ಲಿ ಇರಬೇಕು. ಕರ್ನಾಟಕದಲ್ಲಿ ಉಳಿದುಬಂದಿರುವ ಹಳೆಯ ಗಿಟಾರ್‌ಗಳು ಬಹುಪಾಲು ದುಡಿದು ಸವೆದ ವಾದ್ಯಗಳು. ಅವುಗಳ ವಿಷಯದಲ್ಲಿ ನುಡಿಸುವವನ ಅಗತ್ಯಕ್ಕೇ ಮೊದಲ ಮಣೆ ಸಲ್ಲಬೇಕು. ತೆಗೆದ ಯಾವ ಭಾಗವನ್ನೂ ಎಸೆಯದಿದ್ದರೆ ಸಂಗ್ರಾಹಕನಿಗೂ ಅನ್ಯಾಯವಾಗುವುದಿಲ್ಲ.

ಹಿನ್ನೆಲೆ

ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ (ಇವೆರಡೂ ಸೇರಿದ್ದೇ ಪಿಕಪ್) ವಿದ್ಯುತ್ ಸಂಕೇತವಾಗಿಸುವ ಗಿಟಾರ್ 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಮಾದರಿಯದೇ ಮೊದಲು. ಟೊಳ್ಳಿಲ್ಲದ ಗಟ್ಟಿ ಒಡಲಿನ ಗಿಟಾರ್‌ಗಳಲ್ಲಿ ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ (1951, ಅದಕ್ಕೂ ಮುಂಚೆ 1950ರಲ್ಲಿ ಬೇರೆ ಹೆಸರಿನಲ್ಲಿ), ಗಿಬ್ಸನ್ ಕಂಪನಿಯ ಲೆಸ್ ಪಾಲ್ (1952), ಫೆಂಡರ್‌ನ ಸ್ಟ್ರಾಟೊಕ್ಯಾಸ್ಟರ್ (1954) ಇಂದಿಗೂ ಮಾದರಿಗಳಾಗಿ ಉಳಿದಿವೆ. ಗಿಬ್ಸನ್‌ನ ಸೇತ್ ಲವರ್ ರೂಪಿಸಿದ ಜೋಡಿ ಸುರುಳಿಯ ಪಿಕಪ್ ಹಂಬಕರ್ 1957ರಿಂದ ಬಳಕೆಗೆ ಬಂತು. 1965ರಲ್ಲಿ ಫೆಂಡರ್ ಸಿಬಿಎಸ್ ಸಂಸ್ಥೆಯ ಪಾಲಾಯಿತು. ಹಳೆಯ ಗಿಟಾರ್‌ಗಳ ವ್ಯಾಪಾರದಲ್ಲಿ ಈ ವರ್ಷ ಒಂದು ಗಡಿಗೆರೆಯಂತೆ ಉಳಿದಿದೆ. ಅದಕ್ಕೂ ಹಿಂದಿನವಕ್ಕೆ ಬೆಲೆ ಬಹಳ ಹೆಚ್ಚು.

ಭಾರತದಲ್ಲಿ 1991ರ ಉದಾರೀಕರಣಕ್ಕೆ ಮುಂಚೆ ಪರದೇಶದ ವಾದ್ಯ ತರಿಸುವುದು ಸುಲಭವಿರಲಿಲ್ಲ. ಹೊರನಾಡಿನಿಂದ ಮರಳಿದವರು ತಂದದ್ದು, ಕೈಯಿಂದ ಕೈಗೆ ದಾಟಿ ಬಂದದ್ದು, ಇಲ್ಲವೇ ಕೋಲ್ಕತ್ತದ ಗಿವ್ಸನ್‌ನಂಥ ದೇಶಿ ತಯಾರಕರದ್ದು — ವಾದಕರಿಗೆ ಸಿಗುತ್ತಿದ್ದುದು ಇಷ್ಟೇ. ಕನ್ನಡ ಚಿತ್ರಗೀತೆಗಳಲ್ಲಿ ಗಿಟಾರ್‌ಗೆ ದೊಡ್ಡ ಪಾತ್ರವಿದ್ದ ಕಾಲವದು. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಇಳಯರಾಜಾ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದಿದ್ದರು. ಆ ಹಾಡುಗಳನ್ನು ಊರೂರಿಗೆ ಒಯ್ದದ್ದು ಆರ್ಕೆಸ್ಟ್ರಾಗಳು. ಮಂಡ್ಯ ನಗರದ ಗುತ್ತಲು, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗಣೇಶೋತ್ಸವ, ಊರಹಬ್ಬ, ರಾಜ್ಯೋತ್ಸವಗಳಿಗೆ ರಸಮಂಜರಿ ಇಡಿಸುವುದು ಈಗಲೂ ರೂಢಿ. ರಾತ್ರಿಯಿಡೀ ಇಬ್ಬನಿಯಲ್ಲಿ, ದೂಳಿನ ಶಾಮಿಯಾನದಡಿ, ಬೆವರಿನ ಕೈಯಲ್ಲಿ ನುಡಿದ ಗಿಟಾರ್‌ನ ರೋಗಗಳು ಪೆಟ್ಟಿಗೆಯಲ್ಲೇ ಮಲಗಿದ್ದ ಗಿಟಾರ್‌ನವಲ್ಲ. ತುಕ್ಕು, ಹಸಿರುಗಟ್ಟಿದ ತಾಮ್ರ, ಸಡಿಲಾದ ಜ್ಯಾಕ್, ಅವಸರದಲ್ಲಿ ಹಾಕಿದ ದಪ್ಪ ಬೆಸುಗೆ ಇವುಗಳಲ್ಲಿ ಸಾಮಾನ್ಯ.

ಬಿಚ್ಚುವ ಮುಂಚಿನ ತಪಾಸಣೆ

ಮೊದಲ ಕೆಲಸ ತಿರುಪುಳಿಯದಲ್ಲ, ಕ್ಯಾಮೆರಾದ್ದು. ಪ್ರತಿ ಹಂತದಲ್ಲೂ ಚಿತ್ರ ತೆಗೆದು, ತಿರುಪುಗಳನ್ನು ಅವು ಬಂದ ತೂತಿನ ಗುರುತಿನೊಂದಿಗೆ ಬೇರೆಬೇರೆ ಪೊಟ್ಟಣದಲ್ಲಿ ಇಡಬೇಕು. ಫೆಂಡರ್ ಮಾದರಿಯಲ್ಲಿ ದಂಡಿಯನ್ನು ನಾಲ್ಕು ತಿರುಪುಗಳು ಒಡಲಿಗೆ ಹಿಡಿದಿರುತ್ತವೆ. ಬಿಚ್ಚಿದರೆ ದಂಡಿಯ ಬುಡದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಅಥವಾ ಮೊಹರೊತ್ತಿದ ತಾರೀಖು ಅನೇಕ ಸಲ ಸಿಗುತ್ತದೆ. ವಾಲ್ಯೂಮ್, ಟೋನ್ ಕಂಟ್ರೋಲ್‌ಗಳ ಬೆನ್ನಿನ ಅಂಕಿಗಳೂ ಮಾತನಾಡುತ್ತವೆ. 137 ಎಂದು ಆರಂಭವಾದರೆ ಸಿಟಿಎಸ್, 304 ಎಂದಾದರೆ ಸ್ಟ್ಯಾಕ್‌ಪೋಲ್ ಕಂಪನಿಯ ತಯಾರಿಕೆ. ಮುಂದಿನ ಅಂಕಿಗಳು ವರ್ಷ ಮತ್ತು ವಾರ. 1376532 ಎಂದಿದ್ದರೆ ಸಿಟಿಎಸ್, 1965ರ 32ನೆಯ ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರಲಾರದು, ಆ ಕಂಟ್ರೋಲನ್ನು ನಡುವೆ ಯಾರಾದರೂ ಬದಲಿಸಿದ್ದರ ಹೊರತು. ಬದಲಿಸಿದ್ದರೋ ಇಲ್ಲವೋ ಎಂಬುದನ್ನು ಬೆಸುಗೆಯ ಬಣ್ಣ, ತಂತಿಯ ಹೊದಿಕೆ ಹೇಳುತ್ತವೆ. ಅದಕ್ಕಾಗಿಯೇ, ಕೆಟ್ಟಿರದ ಹಳೆಯ ಬೆಸುಗೆಯನ್ನು ಅಂದಕ್ಕೆಂದು ಮುಟ್ಟಬಾರದು. ಒಮ್ಮೆ ಕರಗಿಸಿದರೆ ಆ ಸಾಕ್ಷಿ ಶಾಶ್ವತವಾಗಿ ಹೋಯಿತು.

ಮರ, ದಂಡಿ, ಮೆಟ್ಟಿಲು

ಹಳೆಯ ಗಿಟಾರ್‌ಗಳ ಬೆರಳುಹಲಗೆಗೂ ನಮ್ಮ ಕಾಡಿಗೂ ನೇರ ನಂಟಿದೆ. 1960ರ ದಶಕದ ನಡುವಿನವರೆಗೆ ಅಮೆರಿಕದ ತಯಾರಕರು ಹೆಚ್ಚಾಗಿ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ದುರ್ಲಭವಾಗತೊಡಗಿದಾಗ ಆ ಸ್ಥಾನಕ್ಕೆ ಬಂದದ್ದು ಪಶ್ಚಿಮ ಘಟ್ಟದ ಬೀಟೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಮಲೆನಾಡು, ಕೊಡಗಿನ ಮನೆಗಳ ಕಂಬ ಬಾಗಿಲುಗಳಿಗೂ ಮೈಸೂರಿನ ಕೆತ್ತನೆ ಕೆಲಸಕ್ಕೂ ಒದಗಿದ ಅದೇ ಮರ. ಹಾಗಾಗಿ 1960ರ ದಶಕದ ಕೊನೆಯ ಬಳಿಕದ ಗಿಟಾರ್ ದುರಸ್ತಿಗೆ ಬಂದಾಗ ಬೆರಳುಹಲಗೆಯ ತೇಪೆಗೆ ಸರಿಹೊಂದುವ ಮರ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಪೀಠೋಪಕರಣದ ಒಂದು ತುಂಡು, ಎಳೆ ನೋಡಿ ಆರಿಸಿದರೆ, ಸಾಕು. ಹೊಸದಾಗಿ ಕಡಿಯುವ ಮಾತು ಬೇರೆ. ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿ 2ರಿಂದ, ಬ್ರೆಜಿಲ್‌ನದೊಂದನ್ನು ಬಿಟ್ಟು, ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಪ್ರಭೇದಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿದವು. ಸಿದ್ಧ ಸಂಗೀತ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ 2019ರ ನವೆಂಬರ್ 26ರಿಂದ ವಿನಾಯಿತಿ ದೊರೆಯಿತು. ಬ್ರೆಜಿಲ್‌ನ ಪ್ರಭೇದ 1992ರಿಂದಲೇ ಕಟ್ಟುನಿಟ್ಟಾದ ಮೊದಲ ಪಟ್ಟಿಯಲ್ಲಿದೆ, ಅದಕ್ಕೆ ಈ ವಿನಾಯಿತಿ ಇಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ತಂದೆಯ ಹಳೆಯ ಗಿಟಾರ್ ಕಳಿಸುವವರು ಹಲಗೆ ಯಾವ ಮರದ್ದೆಂದು ಮೊದಲು ತಿಳಿದುಕೊಳ್ಳಬೇಕು.

ದಂಡಿಯೊಳಗೆ ಒಂದು ಉಕ್ಕಿನ ಸರಳಿದೆ. ಹೊಂದಿಸಬಹುದಾದ ಈ ಸರಳಿಗೆ ಗಿಬ್ಸನ್ 1920ರ ದಶಕದಲ್ಲೇ ಪೇಟೆಂಟ್ ಪಡೆದಿತ್ತು. ತಂತಿಗಳ ಎಳೆತಕ್ಕೆ ದಂಡಿ ಮುಂದಕ್ಕೆ ಬಾಗುವುದನ್ನು ಅದು ತಡೆಯುತ್ತದೆ. ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲಿಗೆ ಒತ್ತಿ ಹಿಡಿದು ಏಳು-ಎಂಟನೆಯ ಮೆಟ್ಟಿಲಿನ ಬಳಿ ನೋಡಿದರೆ 0.2ರಿಂದ 0.3 ಮಿಲಿಮೀಟರ್ ಸಂದು ಇರುವುದು ಒಳ್ಳೆಯದು. ಹಳೆಯ ಸರಳಿನ ನಟ್ಟು ತುಕ್ಕು ಹಿಡಿದಿರಬಹುದು. ತಂತಿ ಸಡಿಲಿಸಿ, ಒಂದು ಹನಿ ಎಣ್ಣೆ ಬಿಟ್ಟು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮರ ಹೊಂದಿಕೊಳ್ಳಲು ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ಸರಳು ಮುರಿದರೆ ಬೆರಳುಹಲಗೆಯನ್ನೇ ಕಿತ್ತು ತೆಗೆಯಬೇಕಾಗುತ್ತದೆ.

ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಮೇಣ ಸಡಿಲಾದಾಗ ಮೇಳ ಕಟ್ಟುವವರು ಅವನ್ನು ಎತ್ತಿ, ಸ್ವರಕ್ಕೆ ತಕ್ಕಂತೆ ಮತ್ತೆ ಇಡಬಲ್ಲರು. ಗಿಟಾರ್‌ನಲ್ಲಿ ಆ ಸೌಲಭ್ಯವಿಲ್ಲ. ಮರದಲ್ಲಿ ಕೊರೆದ ಸಣ್ಣ ಸೀಳಿಗೆ ಮುಳ್ಳಿನ ಕಾಲುಳ್ಳ ಲೋಹದ ತಂತಿಯನ್ನು ಬಡಿದಿರುತ್ತಾರೆ. ಲೋಹ ನಾವು ಜರ್ಮನ್ ಸಿಲ್ವರ್ ಎನ್ನುವ ತಾಮ್ರ-ನಿಕಲ್-ಸತುವಿನ ಮಿಶ್ರಣ. ಸವೆದ ಮೆಟ್ಟಿಲನ್ನು ಕೀಳುವ ಮುಂಚೆ ಅರದಿಂದ ಸಮಮಟ್ಟ ಮಾಡಿ ತಲೆಯನ್ನು ಮತ್ತೆ ದುಂಡಗೆ ತೀಡಿದರೆ ಇನ್ನಷ್ಟು ವರ್ಷ ಬಾಳುತ್ತದೆ. ಅದಕ್ಕೂ ಲೋಹ ಉಳಿದಿಲ್ಲವೆಂದಾದಾಗ ಮಾತ್ರ ಬೆಸುಗೆಯ ಐರನ್ನಿನಿಂದ ಬಿಸಿ ಮಾಡಿ, ಚಕ್ಕೆ ಏಳದಂತೆ ನಿಧಾನವಾಗಿ ಎತ್ತಬೇಕು. ಕರ್ನಾಟಕ ಸಂಗೀತ ನುಡಿಸುವವರಲ್ಲಿ ಕೆಲವರು ಗಮಕಕ್ಕೆ ಅನುಕೂಲವೆಂದು ಮೆಟ್ಟಿಲುಗಳ ನಡುವಿನ ಹಲಗೆಯನ್ನು ತೋಡಿಸುತ್ತಾರೆ. ನಾದದ ದೃಷ್ಟಿಯಿಂದ ಅದು ನ್ಯಾಯವಾದ ಬೇಡಿಕೆ, ಆದರೆ ತೋಡಿದ ಮರ ಮರಳುವುದಿಲ್ಲ. ತಿರುಪಿನ ದಂಡಿಯ ಗಿಟಾರ್ ಆದರೆ ಹಳೆಯ ದಂಡಿಯನ್ನು ಜೋಪಾನವಾಗಿ ಎತ್ತಿಟ್ಟು ಹೊಸ ದಂಡಿಯನ್ನು ತೋಡಿಸುವುದೇ ಸರಿ.

ಗಿಬ್ಸನ್ ಮಾದರಿಯ ದೊಡ್ಡ ದೌರ್ಬಲ್ಯ ತಲೆಯ ಕತ್ತು. ಬಿರಡೆಗಳಿರುವ ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿದೆ, ಅಲ್ಲೇ ಸರಳಿನ ನಟ್ಟಿಗೆಂದು ಮರವನ್ನೂ ಕೊರೆದಿದ್ದಾರೆ. ಗಿಟಾರ್ ಬೆನ್ನಡಿಯಾಗಿ ಬಿದ್ದರೆ ಕತ್ತು ಬಿರಿಯುತ್ತದೆ. ಎಳೆಯ ಉದ್ದಕ್ಕೆ ಬಿರಿದದ್ದಾದರೆ ಒಳ್ಳೆಯ ಮರದಂಟು ಹಾಕಿ, ಕ್ಲ್ಯಾಂಪಿನಲ್ಲಿ ಒಂದು ದಿನ ಬಿಗಿದರೆ ಗಟ್ಟಿಯಾಗಿ ಕೂರುತ್ತದೆ. ಫೆವಿಕ್ವಿಕ್‌ನಂಥ ತಕ್ಷಣದ ಅಂಟನ್ನು ಬಿರುಕಿಗೆ ಸುರಿದು ತಂದ ಗಿಟಾರ್‌ಗಳೇ ಅತಿ ಕಷ್ಟದವು. ಮೊದಲು ಅದನ್ನು ಕೆರೆದು ತೆಗೆಯದೆ ಬೇರೆ ಅಂಟು ಹಿಡಿಯದು, ಕೆರೆದರೆ ಮರದ ಅಂಚುಗಳು ಒಂದಕ್ಕೊಂದು ಕೂಡವು.

ಬಣ್ಣ ಮತ್ತು ಹೊಳಪು

1950–60ರ ದಶಕದ ಅಮೆರಿಕನ್ ಗಿಟಾರ್‌ಗಳಿಗೆ ಬಳಿದದ್ದು ಹೆಚ್ಚಾಗಿ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಅದು ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ, ಚಳಿ-ಬಿಸಿಲಿನ ಏರುಪೇರಿಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ರಬ್ಬರಿನ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಮೆತ್ತಗಾಗಿ ಅಂಟುತ್ತದೆ. ಇಷ್ಟೆಲ್ಲ ಇದ್ದರೂ ಅದನ್ನು ಉಪ್ಪುಕಾಗದ ಹಾಕಿ ಉಜ್ಜಿ ಹೊಸ ಬಣ್ಣ ಬಳಿಯುವುದು ಜೀರ್ಣೋದ್ಧಾರವಲ್ಲ, ನಾಶ. ಮೂಲ ಬಣ್ಣ ಕಳೆದುಕೊಂಡ ಹಳೆಯ ಗಿಟಾರ್‌ನ ಬೆಲೆ ಅರ್ಧಕ್ಕೆ ಇಳಿಯುವುದು ವ್ಯಾಪಾರದಲ್ಲಿ ಮಾಮೂಲು. ಬೆಲೆಯ ಮಾತು ಬಿಟ್ಟರೂ, ಹತ್ತಾರು ವರ್ಷ ತೋಳು ಒರಗಿ ಸವೆದ ಜಾಗವೇ ಆ ವಾದ್ಯದ ಚರಿತ್ರೆ.

ಚಕ್ಕೆ ಎದ್ದ ಕಡೆ ತುಂಬಬೇಕಾದರೆ ಮೊದಲು ಒಳಗುಳಿಯಲ್ಲಿ, ಕಣ್ಣಿಗೆ ಬೀಳದಲ್ಲಿ ಪರೀಕ್ಷೆ ಮಾಡಬೇಕು. ಅಸಿಟೋನ್‌ಗೆ ಕರಗಿದರೆ ನೈಟ್ರೊ ಇರಬಹುದು, ಜಗ್ಗದಿದ್ದರೆ ಪಾಲಿಯೆಸ್ಟರ್‌ನಂಥದ್ದು. ಸ್ಪಿರಿಟ್ಟಿಗೇ ಕರಗಿದರೆ ಅರಗಿನ ಲೇಪ. ಹಳೆಯ ಮತ್ತು ಹೊಸ ಲೇಪಗಳ ನಡುವೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ತೆಳುಪದರ ಕೊಟ್ಟರೆ ಎರಡೂ ಹಿಡಿದುಕೊಳ್ಳುತ್ತವೆ. ಅರಗಿನ ಕೆಲಸ ಮಂಡ್ಯ ಸೀಮೆಗೆ ಪರಕೀಯವಲ್ಲ. ಮದ್ದೂರಿನ ನೆರೆಯ ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗಳಿಗೆ ಚರಕಿಯ ಮೇಲೆ ಅರಗು ಹತ್ತಿಸಿ ಬಣ್ಣ ಕೂರಿಸುತ್ತಾರೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ, ಇಂದು ಮತದಾನದ ಶಾಯಿಗೆ ಹೆಸರಾದ ಕಾರ್ಖಾನೆಯ ಮೊದಲ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ನೈಟ್ರೊ ಬೇಗ ಬೆಂಕಿ ಹತ್ತುವ ವಸ್ತು. ಸಿಂಪಡಿಸುವವರು ಗಾಳಿಯಾಡುವ ಜಾಗದಲ್ಲಿ, ಮುಖಗವಸು ಧರಿಸಿ, ಒಲೆ-ಕಿಡಿಗಳಿಂದ ದೂರವಿರಬೇಕು.

ಪಿಕಪ್ ಮತ್ತು ವಿದ್ಯುತ್ ಭಾಗ

ಪಿಕಪ್‌ನ ಸುರುಳಿ ಸುಮಾರು 0.063 ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಸಾವಿರಾರು ಸುತ್ತು. ಫೆಂಡರ್‌ನ ಹಳೆಯ ಒಂಟಿ ಸುರುಳಿಯಲ್ಲಿ ತಂತಿಯನ್ನು ಅಯಸ್ಕಾಂತದ ಕಡ್ಡಿಗಳ ಮೇಲೇ ಸುತ್ತಿರುವುದರಿಂದ ಬೆವರಿನ ಉಪ್ಪು ಇಳಿದು, ಕಡ್ಡಿ ತುಕ್ಕು ಹಿಡಿದು, ಒಳಸುತ್ತು ತುಂಡಾಗುತ್ತದೆ. ಮಲ್ಟಿಮೀಟರಿನಲ್ಲಿ ಅಳೆದರೆ ಸ್ಟ್ರಾಟೊಕ್ಯಾಸ್ಟರ್ ಸುರುಳಿ ಸಾಮಾನ್ಯವಾಗಿ 5.5ರಿಂದ 6.5 ಕಿಲೊಓಮ್, ಗಿಬ್ಸನ್‌ನ ಹಂಬಕರ್ 7.5ರಿಂದ 8.5 ಕಿಲೊಓಮ್ ತೋರಿಸುತ್ತವೆ. ಅಳತೆಯ ಜೊತೆಗೆ ಹವೆಯ ಶಾಖವನ್ನೂ ಬರೆದಿಡಬೇಕು: 20 ಡಿಗ್ರಿಯಲ್ಲಿ 6 ಕಿಲೊಓಮ್ ಇರುವ ಸುರುಳಿ ಮಂಡ್ಯದ ಬೇಸಿಗೆಯ 35 ಡಿಗ್ರಿಯಲ್ಲಿ ಸುಮಾರು 6.35 ತೋರಿಸುತ್ತದೆ, ತಾಮ್ರದ ಗುಣವೇ ಅದು. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಸತ್ತಿತೆಂದು ತೀರ್ಮಾನಿಸುವುದು ಅವಸರ. ಹೊರತುದಿಯ ಬೆಸುಗೆ ಬಿಟ್ಟಿರುವುದೇ ಹೆಚ್ಚು. ಭೂತಗನ್ನಡಿಯಡಿ ಆ ತುದಿಯನ್ನು ಹುಡುಕಿ ಹಿಡಿದು ಬೆಸೆದರೆ ಸುರುಳಿ ಬದುಕುತ್ತದೆ. ಮರುಸುತ್ತುವುದು ಕೊನೆಯ ಹೆಜ್ಜೆ.

ಸಿಳ್ಳೆ ಹಾಕುವ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದುವ ರೂಢಿಯಿದೆ. ಗಿಬ್ಸನ್‌ನ ಹಳೆಯ ಹಂಬಕರ್‌ಗಳಿಗೆ ಕಾರ್ಖಾನೆಯಲ್ಲಿ ಮೇಣ ಹಾಕುತ್ತಿರಲಿಲ್ಲ, ಅವುಗಳ ಪ್ಲಾಸ್ಟಿಕ್ ಕಂಡಿಕೆ ಬಿಸಿಗೆ ಸೊಟ್ಟಾಗುತ್ತದೆ. ಅವನ್ನು ಹಾಗೇ ಬಿಡುವುದು ಮೇಲು. ಕಂಟ್ರೋಲ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಹತ್ತಾರು ಸಲ ಆಡಿಸಿದರೆ ಬಹುತೇಕ ಸರಿಹೋಗುತ್ತದೆ. ಬದಲಿಸಲೇಬೇಕಾದರೆ ಫೆಂಡರ್ ಒಂಟಿ ಸುರುಳಿಗೆ 250, ಗಿಬ್ಸನ್ ಹಂಬಕರ್‌ಗೆ 500 ಕಿಲೊಓಮಿನದು ಹೊಂದುತ್ತದೆ, ಹಳೆಯದು ಪೊಟ್ಟಣ ಸೇರಿ ಗಿಟಾರ್ ಪೆಟ್ಟಿಗೆಯಲ್ಲೇ ಉಳಿಯಬೇಕು. ಹಳೆಯ ಬೆಸುಗೆಯಲ್ಲಿ ಸೀಸವಿದೆ, ಕೆಲಸ ಮುಗಿಸಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಒಂಟಿ ಸುರುಳಿಯ ಗುಂಯ್‌ಗುಡುವಿಕೆ ರೋಗವಲ್ಲ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಕಂಪನವನ್ನು ಸುರುಳಿ ಹಿಡಿದುಕೊಳ್ಳುವುದರಿಂದ ಅದು ಬರುತ್ತದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಕುದುರೆಯಿಂದ ಹೋಗುವ ಅರ್ತ್ ತಂತಿ ಸರಿಯಿದೆ ಎಂದರ್ಥ. ಆದರೆ ಇಲ್ಲೇ ಪ್ರಾಣಾಪಾಯವೂ ಇದೆ. ವಾದಕನ ಕೈ ಆ ತಂತಿಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸದಾ ಜೋಡಿಸಿಕೊಂಡಿರುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಸೀಮೆಯಿದು. ಆದರೂ ಹಬ್ಬದ ವೇದಿಕೆಗಳಿಗೆ ಅರ್ತಿಂಗ್ ಇಲ್ಲದೆ ತಾತ್ಕಾಲಿಕ ತಂತಿ ಎಳೆಯುವುದು ಎಲ್ಲ ಕಡೆ ಕಾಣುತ್ತದೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಬೇರೆ ಸಾಲಿನ ಮೈಕಿಗೆ ತಗುಲಿದರೆ ವಿದ್ಯುತ್ ಎದೆಯನ್ನು ಹಾದುಹೋಗಬಹುದು. ಆದ್ದರಿಂದ ಗಿಟಾರ್ ದುರಸ್ತಿಗೆ ತಂದವರಿಂದ ಆಂಪ್ಲಿಫೈಯರನ್ನೂ ತರಿಸಿಕೊಂಡು ನೋಡುವುದು ಒಳ್ಳೆಯ ಕುಶಲಕರ್ಮಿಯ ಕರ್ತವ್ಯ. ಹಳೆಯ ಅಮೆರಿಕನ್ ಆಂಪ್ಲಿಫೈಯರ್‌ಗಳು 110–120 ವೋಲ್ಟಿನವು, ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಡುತ್ತವೆ. ಎರಡೇ ಕಡ್ಡಿಯ ಪ್ಲಗ್ ಇದ್ದರೆ ಅದನ್ನು ತೆಗೆದು ಮೂರು ಕಡ್ಡಿಯದು ಹಾಕಿ ಚೌಕಟ್ಟನ್ನು ಅರ್ತಿಗೆ ಸೇರಿಸಬೇಕು, ಮುಖ್ಯ ಸಾಲಿನಿಂದ ಚೌಕಟ್ಟಿಗೆ ಕಟ್ಟಿದ ಹಳೆಯ ಕೆಪಾಸಿಟರ್ ಕತ್ತರಿಸಬೇಕು. ಮೂಲ ಸ್ಥಿತಿ ಉಳಿಸಬೇಕೆಂಬ ನಿಯಮ ಈ ಒಂದು ಜಾಗದಲ್ಲಿ ನಡೆಯುವುದಿಲ್ಲ. ವಾಲ್ವ್ ಆಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತವೆ. ಅವನ್ನು ರೆಸಿಸ್ಟರ್ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಒಳಗೆ ಕೈ ಹಾಕಬೇಕು.