ನಕಲು ಕೀಲಿ ದೋಷ (ಜಾವಾ)

ನಕಲು ಕೀಲಿ ದೋಷ ಎಂಬುದು ದತ್ತಸಂಚಯದ ಕೋಷ್ಟಕದಲ್ಲಿ ಈಗಾಗಲೇ ಇರುವ ಪ್ರಾಥಮಿಕ ಕೀಲಿಯನ್ನಾಗಲಿ, ಅನನ್ಯವೆಂದು ಘೋಷಿಸಲಾದ ಮೌಲ್ಯವನ್ನಾಗಲಿ ಹೊತ್ತ ಮತ್ತೊಂದು ಸಾಲನ್ನು ಸೇರಿಸಲು ಯತ್ನಿಸಿದಾಗ ಉಂಟಾಗುವ ದೋಷ. ಮೈಎಸ್‌ಕ್ಯೂಎಲ್ ಇದನ್ನು 1062 ಎಂಬ ಸಂಖ್ಯೆಯಿಂದಲೂ ಪೋಸ್ಟ್‌ಗ್ರೆಎಸ್‌ಕ್ಯೂಎಲ್ 23505 ಎಂಬ ಸಂಕೇತದಿಂದಲೂ ಸೂಚಿಸುತ್ತವೆ. ಜಾವಾದಲ್ಲಿ ಹೈಬರ್ನೇಟ್ ಬಳಸಿ ಪರಸ್ಪರ ಸಂಬಂಧವುಳ್ಳ ಎಂಟಿಟಿಗಳನ್ನು ಉಳಿಸುವಾಗ ಇದು ಪದೇ ಪದೇ ಎದುರಾಗುತ್ತದೆ.

ಕಾರಣ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ದಾಖಲಿಸುವ ತಂತ್ರಾಂಶವೊಂದನ್ನು ಉದಾಹರಣೆಯಾಗಿ ಊಹಿಸಬಹುದು. ಪ್ರತಿ ತಾಲ್ಲೂಕು ಎಂಟಿಟಿಯೂ ಚಿತ್ರದುರ್ಗ ಜಿಲ್ಲೆಯ ಎಂಟಿಟಿಯನ್ನು ಉಲ್ಲೇಖಿಸುತ್ತದೆ. ಜಿಲ್ಲೆಯ ವಾಹನ ನೋಂದಣಿ ಸಂಕೇತವಾದ ಕೆಎ-16 ಅನನ್ಯವಾಗಿರಬೇಕೆಂಬ ನಿರ್ಬಂಧವಿದೆ. ಉಲ್ಲೇಖದ ಮೇಲೆ ಕ್ಯಾಸ್ಕೇಡ್ ಪರ್ಸಿಸ್ಟ್ ಇದ್ದರೆ ಹಿರಿಯೂರನ್ನು ಉಳಿಸಿದಾಗ ಜಿಲ್ಲೆಯೂ ಉಳಿಯುತ್ತದೆ. ಹೊಸದುರ್ಗಕ್ಕೆಂದು ಜಿಲ್ಲೆಯ ಹೊಸ ಆಬ್ಜೆಕ್ಟ್ ಸೃಷ್ಟಿಸಿದರೆ, ಅದರ ಐಡಿ ಖಾಲಿಯಿರುವುದರಿಂದ ಹೈಬರ್ನೇಟ್ ಅದನ್ನು ಹೊಸ ದಾಖಲೆಯೆಂದೇ ಭಾವಿಸಿ ಎರಡನೆಯ ಬಾರಿ ಸೇರಿಸಲು ಹೊರಡುತ್ತದೆ. ಹಲವು ಸಂದರ್ಭಗಳಲ್ಲಿ ದೋಷವು ಉಳಿಸುವ ಸಾಲಿನಲ್ಲಿ ಕಾಣಿಸದೆ ಕಮಿಟ್ ಹಂತದಲ್ಲಿ ಹೊರಬೀಳುವುದರಿಂದ ಮೂಲವನ್ನು ಹುಡುಕುವುದು ಕಷ್ಟ.

ಪರಿಹಾರ

ಜಿಲ್ಲೆಯನ್ನು ಮೊದಲು ಸಂಕೇತದ ಮೂಲಕ ಹುಡುಕಿ, ದೊರೆತ ಎಂಟಿಟಿಯನ್ನೇ ತಾಲ್ಲೂಕಿಗೆ ಜೋಡಿಸಬೇಕು. ಐಡಿ ತಿಳಿದಿದ್ದರೆ ಗೆಟ್‌ರೆಫರೆನ್ಸ್ ಸಾಕು. ತಾಲ್ಲೂಕಿನಿಂದ ಜಿಲ್ಲೆಯ ಕಡೆಗಿರುವ ಕ್ಯಾಸ್ಕೇಡನ್ನು ತೆಗೆಯುವುದು ಒಳಿತು. ಪರ್ಸಿಸ್ಟ್ ಬದಲು ಮರ್ಜ್ ಬಳಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಐಡಿ ಖಾಲಿಯಿದ್ದರೆ ಮರ್ಜ್ ಕೂಡ ಹೊಸ ಸಾಲನ್ನೇ ಸೇರಿಸುತ್ತದೆ.

ಏಕಕಾಲದ ಎರಡು ಕೋರಿಕೆಗಳು ಹುಡುಕಿ, ಎರಡಕ್ಕೂ ಜಿಲ್ಲೆ ಸಿಗದೆ, ಎರಡೂ ಸೇರಿಸಲು ಮುಂದಾಗಬಹುದು. ಆಗ ಸೋತ ವ್ಯವಹಾರವನ್ನು ಹಿಂತೆಗೆದು, ಹೊಸ ವ್ಯವಹಾರದಲ್ಲಿ ಪುನಃ ಯತ್ನಿಸಬೇಕು. ದೋಷದಿಂದ ಬೇಸತ್ತು ಅನನ್ಯತೆಯ ನಿರ್ಬಂಧವನ್ನೇ ಕಿತ್ತುಹಾಕಿದರೆ ಸಂದೇಶವೇನೋ ನಿಲ್ಲುತ್ತದೆ. ಆದರೆ ಚಿತ್ರದುರ್ಗ ಜಿಲ್ಲೆ ಎರಡಾಗಿ, ಹಿರಿಯೂರು ಒಂದಕ್ಕೂ ಹೊಳಲ್ಕೆರೆ ಇನ್ನೊಂದಕ್ಕೂ ಅಂಟಿಕೊಂಡು, ಜಿಲ್ಲಾವಾರು ಲೆಕ್ಕಗಳು ಸದ್ದಿಲ್ಲದೆ ತಪ್ಪುತ್ತವೆ.

ಕೀಲಿಯ ಆಯ್ಕೆ

ಸ್ಥಳನಾಮವನ್ನು ಕೀಲಿಯಾಗಿಸುವುದು ಅಪಾಯಕಾರಿ. ಚಿತ್ರದುರ್ಗವು ಜಿಲ್ಲೆಯ ಹೆಸರೂ ಹೌದು, ತಾಲ್ಲೂಕಿನ ಹೆಸರೂ ಹೌದು. ಹೊಸದುರ್ಗ ಎಂಬ ತಾಲ್ಲೂಕು ಕೇರಳದ ಕಾಸರಗೋಡು ಜಿಲ್ಲೆಯಲ್ಲೂ ಇದೆ. ಇಲ್ಲಿ ದೋಷ ಬಂದರೂ ದಾಖಲೆ ನಕಲಲ್ಲ, ಊರೇ ಬೇರೆ. ಆದ್ದರಿಂದ ಹೆಸರು ಮತ್ತು ಜಿಲ್ಲೆಯ ಜೋಡಿಗೆ ಅನನ್ಯತೆ ವಿಧಿಸಬೇಕಾಗುತ್ತದೆ. ಹಾಗೆಂದು ಆ ಜೋಡಿಯನ್ನೇ ಪ್ರಾಥಮಿಕ ಕೀಲಿಯಾಗಿಸಿದರೂ ತೊಡಕು ತಪ್ಪದು: 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ತಾಲ್ಲೂಕು ಚಿತ್ರದುರ್ಗದಿಂದ ಅಲ್ಲಿಗೆ ಸೇರಿತು. ಅಂತಹ ಬದಲಾವಣೆಯಲ್ಲಿ ಕೀಲಿಯೇ ಬದಲಾಗದಂತೆ, ಅರ್ಥವಿಲ್ಲದ ಕ್ರಮಸಂಖ್ಯೆಯನ್ನು ಪ್ರಾಥಮಿಕ ಕೀಲಿಯಾಗಿಟ್ಟು, ಜಿಲ್ಲೆಯನ್ನು ಅನ್ಯ ಕೀಲಿಯಾಗಿ ಮಾತ್ರ ಇಡುವುದು ರೂಢಿ.