ಕಡಬದ ತಾಮ್ರಪಟ, ಪ್ಯಾರಿಸ್ಸಿನ ಲೆಕ್ಕದ ಪುಸ್ತಕ

ಈ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ, ಯೂರೋಪಿನ ಮಧ್ಯಯುಗದ ಪಾಠ ಬಂತೆಂದರೆ ಮಕ್ಕಳ ಮುಖ ಬಾಡುತ್ತಿತ್ತು. ಷಾರ್ಲಮೇನ್, ಪೋಪ್, ಊಳಿಗಮಾನ್ಯ ಪದ್ಧತಿ ಎಲ್ಲವೂ ಅವರಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಹೆಸರುಗಳು. ಅದಕ್ಕೇ ನಾನು ಆ ಪಾಠವನ್ನು ಕಡಬದಿಂದ ಶುರು ಮಾಡುತ್ತಿದ್ದೆ.

ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ತಾಮ್ರಶಾಸನ ದೊರೆತಿದೆ. ಅದರಲ್ಲಿರುವ ಕಾಲ ಶಕವರ್ಷ 735, ಎಂದರೆ ಕ್ರಿ.ಶ. 812-813ರ ಸುಮಾರು. ಕುನುಂಗಿಲ್ ದೇಶವನ್ನು, ಅಂದರೆ ನಮ್ಮ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಕಾಟವಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿಗಳು ಅದನ್ನು ನಿವಾರಿಸಿದರು. ಆಗ ವಿಮಲಾದಿತ್ಯನ ಸೋದರಮಾವ, ಗಂಗಮಂಡಲದ ಅಧಿಪತಿ ಚಾಕಿರಾಜ, ಚಕ್ರವರ್ತಿಗೆ ಬಿನ್ನಹ ಮಾಡಿಕೊಂಡ. ಶಿಲಾಗ್ರಾಮದ ಜಿನಾಲಯಕ್ಕಾಗಿ ಜಾಲಮಂಗಲವೆಂಬ ಹಳ್ಳಿ ಮುನಿಗಳಿಗೆ ದತ್ತಿಯಾಯಿತು.

ಇದೇ ಕಾಲದಲ್ಲಿ ಪಶ್ಚಿಮ ಯೂರೋಪನ್ನು ಆಳುತ್ತಿದ್ದವನು ಷಾರ್ಲಮೇನ್. 800ರ ಡಿಸೆಂಬರ್ 25ರಂದು ರೋಮಿನಲ್ಲಿ ಪೋಪ್ ಮೂರನೆಯ ಲಿಯೋ ಅವನಿಗೆ ಚಕ್ರವರ್ತಿಯ ಕಿರೀಟ ತೊಡಿಸಿದರು. ಅವನು ತೀರಿಕೊಂಡದ್ದು 814ರಲ್ಲಿ. ಅದೇ ವರ್ಷ ಇಲ್ಲಿ ಗೋವಿಂದನ ಮಗ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ.

ಎರಡೂ ಕಡೆ ರಾಜ್ಯಭಾರದ ರೀತಿಯಲ್ಲಿ ಹೋಲಿಕೆಯಿದೆ. ರಾಜ ದೂರದಲ್ಲಿರುತ್ತಿದ್ದ, ಸೀಮೆಯನ್ನು ಸಾಮಂತರು ನೋಡಿಕೊಳ್ಳುತ್ತಿದ್ದರು. ಕೊಡುಗೆಯೆಂದರೆ ಬಹುಮಟ್ಟಿಗೆ ಭೂಮಿ. ಓದು ಬರಹ ಬಲ್ಲ ಧಾರ್ಮಿಕರಿಗೆ ಭೂಮಿ ಕೊಟ್ಟರೆ ರಾಜನಿಗೆ ಪುಣ್ಯವೂ ಬರುತ್ತಿತ್ತು, ಆ ಸೀಮೆಯಲ್ಲಿ ಅವನ ಹೆಸರೂ ನಿಲ್ಲುತ್ತಿತ್ತು. ಅಲ್ಲಿ ಕ್ರೈಸ್ತ ಮಠಗಳು, ಇಲ್ಲಿ ಬಸದಿ, ದೇವಾಲಯ, ಅಗ್ರಹಾರಗಳು.

ಆದರೆ ದೊಡ್ಡದೊಂದು ವ್ಯತ್ಯಾಸವೂ ಇದೆ. ಷಾರ್ಲಮೇನ್ ಸ್ಯಾಕ್ಸನ್ ಜನರನ್ನು ಗೆದ್ದಾಗ, ದೀಕ್ಷಾಸ್ನಾನ ನಿರಾಕರಿಸಿದವರಿಗೆ ಮರಣದಂಡನೆಯೆಂದು ಕಾನೂನು ಮಾಡಿದ. ಇಲ್ಲಿ ಜಿನಾಲಯಕ್ಕೆ ಹಳ್ಳಿ ಕೊಟ್ಟ ಗೋವಿಂದನ ತಾತ ಒಂದನೆಯ ಕೃಷ್ಣನೇ ಎಲ್ಲೋರದಲ್ಲಿ ಶಿವನ ಕೈಲಾಸ ದೇವಾಲಯವನ್ನು ಕೊರೆಸಿದವನು. ಒಂದೇ ಮನೆತನ ಹಲವು ಮತಗಳನ್ನು ಪೋಷಿಸಿತು.

ಇದನ್ನು ಹೇಳಿ ನಾನು ಹೆಮ್ಮೆಪಡುತ್ತಿದ್ದಾಗ ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಆ ಜಾಲಮಂಗಲದಲ್ಲಿ ಉಳ್ತಿದ್ದೋರು ಯಾರು?"

ಉತ್ತರ ಹೇಳಲಾಗಲಿಲ್ಲ. ಇಂಥ ಶಾಸನಗಳಲ್ಲಿ ರಾಜನ ವಂಶಾವಳಿ ಇರುತ್ತದೆ, ದಾನ ಪಡೆದವರ ಗುರುಪರಂಪರೆ ಇರುತ್ತದೆ, ಊರಿನ ಎಲ್ಲೆ ಇರುತ್ತದೆ. ನೆಲ ಉಳುವವರ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಳ್ಳಿ ಕೈಬದಲಾಯಿತು. ಅವರು ತೆರುವ ತೆರಿಗೆ ಯಾರಿಗೆ ಸೇರಬೇಕೆಂಬುದಷ್ಟೇ ಬದಲಾಯಿತು.

ಮರುದಿನ ತರಗತಿಯಲ್ಲಿ ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ಮಠದ ಲೆಕ್ಕದ ಪುಸ್ತಕದ ವಿಷಯ ಹೇಳಿದೆ. ಷಾರ್ಲಮೇನನ ಮಗನ ಆಳ್ವಿಕೆಯಲ್ಲಿ ಮಠಾಧಿಪತಿ ಇರ್ಮಿನಾನ್ ಬರೆಸಿದ್ದು. ಅದರಲ್ಲಿ ಬೋಡೋ ಎಂಬ ಒಕ್ಕಲಿದ್ದಾನೆ, ಅವನ ಹೆಂಡತಿ ಎರ್ಮೆಂತ್ರೂದ್, ಮೂವರು ಮಕ್ಕಳು. ಬಿಟ್ಟಿ ದುಡಿಮೆಯ ಜೊತೆಗೆ ಅವರು ಕೊಡಬೇಕಾದ 3 ಕೋಳಿ, 15 ಮೊಟ್ಟೆಯೂ ಅಲ್ಲಿ ನಮೂದಾಗಿದೆ. ಅವರ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ, ವಸೂಲಿಗಾಗಿ ಬರೆದದ್ದು. ಆದರೂ ಹೆಸರು ಉಳಿಯಿತು.

ಹುಡುಗಿ ಕೂತಲ್ಲಿಂದಲೇ ಹೇಳಿದಳು: "ನಮ್ಮೋರ ಹೆಸರು ಸಾಲದ ಪುಸ್ತಕದಲ್ಲಿ ಇರುತ್ತೆ ಸಾರ್."

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ನಮ್ಮ ಶಾಲೆಯ ದಾಖಲಾತಿ ಪುಸ್ತಕ. ಹೆಬ್ಬೂರು ಸುತ್ತಿನ ಹಳ್ಳಿಗಳಲ್ಲಿ ರಾಗಿ ಬಿತ್ತುವವರ, ತೆಂಗಿನ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳ ಹೆಸರು, ತಂದೆ ತಾಯಿಯ ಹೆಸರಿನೊಡನೆ ಅದರಲ್ಲಿವೆ. ಇದು ದಾನಕ್ಕಾಗಿ ಬರೆದದ್ದಲ್ಲ, ಕೋಳಿ ಮೊಟ್ಟೆಯ ವಸೂಲಿಗೂ ಅಲ್ಲ. ಓದಲು ಬಂದವರೆಂದು ಬರೆದದ್ದು. ಸಾವಿರ ವರ್ಷಗಳ ಚರಿತ್ರೆ ಪಾಠ ಮಾಡಿದ ನನಗೆ ಇದು ಸಣ್ಣ ಬದಲಾವಣೆಯಾಗಿ ಕಾಣುವುದಿಲ್ಲ. ಆ ಪುಸ್ತಕವನ್ನು ಗೆದ್ದಲು ಹತ್ತದಂತೆ ಕಾಪಾಡಿರೆಂದು ಈಗಿನ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ.